ಜನಗಣತಿಯಲ್ಲಿ ಬರೀ ‘ಸ್ಕಾಟ್ಲೆಂಡ್’ ಅಂತಿದೆ, ಊರು ಪತ್ತೆ ಹೇಗೆ? (ಕೇಪ್ ಬ್ರೆಟನ್‌ನ ಒಂದು ಕುಟುಂಬ)

ವಿನುತಾ_ಎಚ್
ಕೆನಡಾದ ನೋವಾ ಸ್ಕೋಷಿಯಾ, ಕೇಪ್ ಬ್ರೆಟನ್ ದ್ವೀಪ, ಇನ್ವರ್ನೆಸ್ ಕೌಂಟಿ, ಲೇಕ್ ಏನ್ಸ್‌ಲಿ ಸುತ್ತಮುತ್ತ. 1871ರ ಜನಗಣತಿಯಲ್ಲಿ ಮನೆ ಯಜಮಾನ ಡೊನಾಲ್ಡ್ ಮೆಕ್‌ಲೀನ್, ವಯಸ್ಸು 70, ರೈತ, ಪ್ರೆಸ್ಬಿಟೇರಿಯನ್. ಹೆಂಡತಿ ಎಫಿ, 66. ಇಬ್ಬರೂ ಹುಟ್ಟಿದ್ದು ‘ಸ್ಕಾಟ್ಲೆಂಡ್’, ಅಷ್ಟೇ. ಮನೆಯಲ್ಲಿರುವ ಮಕ್ಕಳೆಲ್ಲ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದವರು. (ವಂಶದವರು ಈಗಲೂ ಇರುವುದರಿಂದ ಹೆಸರು, ವಯಸ್ಸು ಬದಲಿಸಿದ್ದೇನೆ.) ಸ್ಕಾಟ್ಲೆಂಡ್‌ನ ಹಳೆಯ ದಾಖಲೆಗಳಿರುವ ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿ 1801ರ ಆಸುಪಾಸು ಹುಡುಕಿದರೆ ಇದೇ ಹೆಸರಿನವರು ಸಾಲುಗಟ್ಟಿ ನಿಲ್ಲುತ್ತಾರೆ. ಆನ್‌ಲೈನ್ ವಂಶವೃಕ್ಷಗಳಲ್ಲಿ ಮೂರು ಕಡೆ ಮೂರು ಬೇರೆ ಬೇರೆ ಪ್ಯಾರಿಶ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಹಾಕಿದ್ದಾರೆ, ಒಂದಕ್ಕೂ ಆಧಾರ ಕೊಟ್ಟಿಲ್ಲ. ಎಲ್ಲಿಂದ ಹಿಡಿಯಬೇಕು?

ಕಡತ_ಕೃಷ್ಣಮೂರ್ತಿ
ವಿನುತಾ ಅವರೇ, ಸದ್ಯಕ್ಕೆ ಸ್ಕಾಟ್ಲೆಂಡ್ ಕಡೆ ಹೋಗಲೇಬೇಡಿ. ಪ್ಯಾರಿಶ್ ಗೊತ್ತಾಗದೆ ಅಲ್ಲಿನ ಸೂಚಿ ತೆರೆದರೆ ಸಿಕ್ಕಿದ ಡೊನಾಲ್ಡ್‌ನನ್ನೇ ನಮ್ಮವನು ಅಂದುಕೊಳ್ಳುವ ಆಸೆ ಹುಟ್ಟುತ್ತದೆ. ಆ ಮೂರು ವಂಶವೃಕ್ಷಗಳು ಹುಟ್ಟಿದ್ದೂ ಹಾಗೆಯೇ. ಪ್ಯಾರಿಶ್ ಹೆಸರು ಬರೆದಿರುವ ಕಾಗದ ಇದ್ದರೆ ಅದು ಹೆಚ್ಚಾಗಿ ಕೆನಡಾದಲ್ಲೇ ಇರುತ್ತದೆ.

ಮೊದಲ ಕೆಲಸ, ಡೊನಾಲ್ಡ್‌ನನ್ನು ಬದಿಗಿಟ್ಟು ಅವನ ಎಲ್ಲ ಮಕ್ಕಳ ಪಟ್ಟಿ ಮಾಡಿ. 1871ರ ಹೊತ್ತಿಗೆ ಮದುವೆಯಾಗಿ ಬೇರೆ ಮನೆ ಹೂಡಿದವರು, ಬಾಸ್ಟನ್ ಸೇರಿದವರು, ಯಾರನ್ನೂ ಬಿಡಬೇಡಿ. ಇಬ್ಬರು ಮಕ್ಕಳು ಬಹಳ ಮುಖ್ಯ: ಹಿರಿಯದು ಮತ್ತು ಕಿರಿಯದು. ಹಿರಿಯ ಮಗು ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿರಬಹುದು. ಆ ಮಗು 1901ರವರೆಗೆ ಬದುಕಿದ್ದರೆ ಆ ವರ್ಷದ ಜನಗಣತಿಯಲ್ಲಿ ಹುಟ್ಟಿದ ತಾರೀಖು ಮತ್ತು ಕೆನಡಾಕ್ಕೆ ಬಂದ ವರ್ಷ ಎರಡಕ್ಕೂ ಅಂಕಣ ಇದೆ. ಕಿರಿಯ ಮಗು ಯಾಕೆ ಮುಖ್ಯ ಅನ್ನುವುದನ್ನು ರಶ್ಮಿ ಮೇಡಂ ಹೇಳಲಿ, ನೋವಾ ಸ್ಕೋಷಿಯಾ ದಾಖಲೆ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ.

ಹ್ಯಾಲಿಫ್ಯಾಕ್ಸ್_ರಶ್ಮಿ
ನೋವಾ ಸ್ಕೋಷಿಯಾದಲ್ಲಿ ಸರ್ಕಾರಿ ನೋಂದಣಿ 1864ರಲ್ಲಿ ಶುರುವಾಯಿತು. ಆದರೆ ಜನನ ಮತ್ತು ಮರಣದ ನೋಂದಣಿ 1877ಕ್ಕೆ ನಿಂತುಹೋಯಿತು. ಮತ್ತೆ ಆರಂಭವಾಗಿದ್ದು 1908ರ ಅಕ್ಟೋಬರ್ 1ರಂದು. ಮದುವೆ ನೋಂದಣಿ ಮಾತ್ರ ನಡುವೆ ತಪ್ಪದೆ ನಡೆಯಿತು. ಆದ್ದರಿಂದ ಡೊನಾಲ್ಡ್ 1882ರಲ್ಲೋ 85ರಲ್ಲೋ ತೀರಿಕೊಂಡಿದ್ದರೆ ಮರಣ ದಾಖಲೆ ಎಷ್ಟು ಹುಡುಕಿದರೂ ಸಿಗದು. ಅದು ಸೂಚಿಯ ತಪ್ಪಲ್ಲ, ಅಂಥ ದಾಖಲೆಯನ್ನೇ ಬರೆದಿಲ್ಲ. 1864ರಿಂದ 1877ರೊಳಗೆ ತೀರಿಕೊಂಡಿದ್ದರೆ ಅದೃಷ್ಟ: ಆ ರಿಜಿಸ್ಟರಿನಲ್ಲಿ ಹುಟ್ಟಿದ ಸ್ಥಳಕ್ಕೂ ತಂದೆತಾಯಿ ಹೆಸರಿಗೂ ಜಾಗ ಇದೆ.

ಈಗ ಕಿರಿಯ ಮಗುವಿನ ವಿಷಯ. 1840ರ ಸುಮಾರಿಗೆ ಹುಟ್ಟಿದ ಮಗಳು 1908ರ ನಂತರ ತೀರಿಕೊಂಡಿರುವ ಸಾಧ್ಯತೆ ಚೆನ್ನಾಗಿದೆ. 1908ರ ನಂತರದ ಮರಣ ನಮೂನೆ ಬದಲಾಗುತ್ತ ಹೋಗಿ, ತಂದೆತಾಯಿ ಎಲ್ಲಿ ಹುಟ್ಟಿದರು ಅನ್ನುವುದನ್ನೂ ಕೇಳತೊಡಗಿತು. ಅಲ್ಲಿ ‘ಸ್ಕಾಟ್ಲೆಂಡ್’ ಬದಲು ‘ಸ್ಕೈ’, ‘ಮಲ್’, ‘ನಾರ್ತ್ ಯುಯಿಸ್ಟ್’ ಅಂತ ದ್ವೀಪದ ಹೆಸರು ಬಿದ್ದಿರುವುದುಂಟು. ಮಾಹಿತಿ ಕೊಟ್ಟವರು ಯಾರು ಅಂತ ಅದೇ ಹಾಳೆಯಲ್ಲಿ ನೋಡಿ. ಮಗನೋ ಮಗಳೋ ಆಗಿದ್ದರೆ ನಂಬಿಕೆ ಜಾಸ್ತಿ. ನೆರೆಯವರೋ ಅಳಿಯನೋ ಆದರೆ ಅದನ್ನು ಸುಳಿವು ಅಂತಷ್ಟೇ ಇಟ್ಟುಕೊಳ್ಳಿ. ಈ ಹಳೆಯ ದಾಖಲೆಗಳ ಚಿತ್ರ ನೋವಾ ಸ್ಕೋಷಿಯಾ ಆರ್ಕೈವ್ಸ್ ತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು.

ಇನ್ನೊಂದು ಎಚ್ಚರಿಕೆ. 1838, 1851, 1861ರ ನೋವಾ ಸ್ಕೋಷಿಯಾ ಗಣತಿಗಳಲ್ಲಿ ಮನೆ ಯಜಮಾನನ ಹೆಸರು ಮಾತ್ರ ಇರುತ್ತದೆ, ಉಳಿದವರು ಬರೀ ಸಂಖ್ಯೆ. ಎಲ್ಲರ ಹೆಸರೂ ಬರುವುದು 1871ರಿಂದ. 1871ರದ್ದಕ್ಕೆ ಒಟ್ಟು ಒಂಬತ್ತು ಪಟ್ಟಿಗಳಿವೆ. ಬಹಳ ಜನ ಮೊದಲನೆಯದನ್ನು ನೋಡಿ ಮುಚ್ಚಿಬಿಡುತ್ತಾರೆ. ಎರಡನೆಯದರಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ತೀರಿಕೊಂಡವರ ಹೆಸರು, ಮುಂದಿನವುಗಳಲ್ಲಿ ಜಮೀನು, ಬೆಳೆ, ದನಕರು ಎಲ್ಲ ಇದೆ.

ಸುಮಂತ್_ಜಿ
ಇಷ್ಟೆಲ್ಲ ಸುತ್ತುವ ಬದಲು ಹಡಗಿನ ಪ್ರಯಾಣಿಕರ ಪಟ್ಟಿ ನೋಡಿದರೆ ಮುಗಿಯಿತಲ್ಲ? ಯಾವ ಬಂದರಿನಿಂದ ಹೊರಟರು ಅಂತ ಅದರಲ್ಲೇ ಇರುತ್ತದೆ.

ಕಡತ_ಕೃಷ್ಣಮೂರ್ತಿ
ಸುಮಂತ್, ಎಲ್ಲರೂ ಮೊದಲು ಹೋಗಿ ಬೀಳುವ ಹಳ್ಳ ಅದೇ. 1865ಕ್ಕಿಂತ ಹಿಂದೆ ಕೆನಡಾಕ್ಕೆ ಬಂದವರ ಪಟ್ಟಿ ಇಡಲೇಬೇಕು ಅನ್ನುವ ಕಟ್ಟಳೆ ಇರಲಿಲ್ಲ. ಕ್ವಿಬೆಕ್ ಬಂದರಿನ ನಿಯಮಿತ ಪಟ್ಟಿಗಳು ಉಳಿದಿರುವುದು 1865ರಿಂದ, ಹ್ಯಾಲಿಫ್ಯಾಕ್ಸ್‌ನವು 1881ರಿಂದ. ಬ್ರಿಟನ್‌ನಿಂದ ಹೊರಟವರ ಪಟ್ಟಿಗಳು ಉಳಿದಿರುವುದು 1890ರಿಂದ. ಹೈಲ್ಯಾಂಡ್ (ಸ್ಕಾಟ್ಲೆಂಡ್‌ನ ಉತ್ತರದ ಬೆಟ್ಟಸೀಮೆ) ವಲಸೆಯ ದೊಡ್ಡ ಅಲೆ ಅಷ್ಟು ಹೊತ್ತಿಗೆ ಇಳಿದುಹೋಗಿತ್ತು.

ಪಟ್ಟಿ ಇಲ್ಲದ್ದಕ್ಕೆ ಕಾರಣವೂ ಇದೆ. ಕೆನಡಾದಿಂದ ಮರದ ದಿಮ್ಮಿ ತುಂಬಿಕೊಂಡು ಬ್ರಿಟನ್‌ಗೆ ಹೋದ ಹಡಗುಗಳು ಖಾಲಿ ವಾಪಸಾಗುವ ಬದಲು ಜನರನ್ನು ತುಂಬಿಕೊಂಡವು. ದೊಡ್ಡ ಬಂದರೇ ಬೇಕಿರಲಿಲ್ಲ, ಯಾವುದೋ ಕಡಲತೋಳಿನಲ್ಲಿ ಲಂಗರು ಹಾಕಿ ಹತ್ತಿಸಿಕೊಳ್ಳುತ್ತಿದ್ದರು. 1773ರಲ್ಲಿ ಸ್ಕಾಟ್ಲೆಂಡ್‌ನ ಲಾಕ್ ಬ್ರೂಮ್‌ನಿಂದ ನೋವಾ ಸ್ಕೋಷಿಯಾದ ಪಿಕ್ಟೂಗೆ ಬಂದ ಹೆಕ್ಟರ್ ಹಡಗು ಅಷ್ಟು ಹೆಸರುವಾಸಿ. ಅದಕ್ಕೂ ಆಗಿನ ಕಾಲದ ಮೂಲ ಪಟ್ಟಿ ಇಲ್ಲ, ಈಗ ಎಲ್ಲರೂ ತೋರಿಸುವುದು ದಶಕಗಳಾದ ಮೇಲೆ ನೆನಪಿನಿಂದ ಬರೆದದ್ದು.

ಸರ್ಕಾರವೋ ಜಮೀನ್ದಾರನೋ ದುಡ್ಡು ಹಾಕಿದ ಕಡೆ ಮಾತ್ರ ಕಾಗದ ಉಳಿದಿದೆ. 1815ರ ಸರ್ಕಾರಿ ಯೋಜನೆಯಲ್ಲಿ ಅಟ್ಲಾಸ್, ಬಾಲ್ಟಿಕ್ ಮರ್ಚೆಂಟ್, ಡೊರೊಥಿ, ಎಲೈಜಾ ಹಡಗುಗಳಲ್ಲಿ ಬಂದು ಒಂಟಾರಿಯೊದ ಪರ್ತ್ ಸುತ್ತ ನೆಲೆಸಿದವರು ಠೇವಣಿ ಕಟ್ಟಬೇಕಿತ್ತು: ಗಂಡಸಿಗೆ 16 ಪೌಂಡ್, ಹೆಂಡತಿಗೆ 2 ಪೌಂಡ್. ಠೇವಣಿ ಇದ್ದಲ್ಲಿ ಲೆಕ್ಕಪುಸ್ತಕವೂ ಇರುತ್ತದೆ. ಒಂದು ಮಾತು ಮಾತ್ರ ನೆನಪಿರಲಿ, 1852ರ ನಂತರದ ಹೈಲ್ಯಾಂಡ್ ಅಂಡ್ ಐಲೆಂಡ್ ಎಮಿಗ್ರೇಷನ್ ಸೊಸೈಟಿಯ ಪಟ್ಟಿಗಳನ್ನು ನೋಡಿ ಹಿಗ್ಗಬೇಡಿ. ಅದು ಕಳಿಸಿದ್ದು ಆಸ್ಟ್ರೇಲಿಯಾಕ್ಕೆ.

ಗೇಲಿಕ್_ಓದು
ಹೆಸರಿನ ವಿಷಯ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಹುಡುಕಾಟವೆಲ್ಲ ಸೋರಿಹೋಗುತ್ತದೆ. ಇವರ ಮನೆಮಾತು ಗೇಲಿಕ್. ದಾಖಲೆ ಬರೆದವನು ಇಂಗ್ಲಿಷ್‌ನಲ್ಲಿ ಬರೆದ. ಒಬ್ಬನೇ ಗುಮಾಸ್ತ ಒಂದೇ ಹೆಸರನ್ನು ಎರಡು ಬಾರಿ ಎರಡು ರೀತಿ ಬರೆದಿರುತ್ತಾನೆ.

ಎಫಿ ಅಂದರೆ ಗೇಲಿಕ್‌ನ ಓರಿಕ್. ಅದೇ ಹೆಂಗಸು ಯೂಫೀಮಿಯಾ, ಹೆನ್ರಿಯೆಟ್ಟಾ, ಆಫ್ರಿಕ್ ಅಂತಲೂ ಬರಬಹುದು. ಡೊನಾಲ್ಡ್‌ಗೆ ಡೇನಿಯಲ್, ಗಿಲೆಸ್ಪಿಗೆ ಆರ್ಚಿಬಾಲ್ಡ್, ಏಂಗಸ್‌ಗೆ ಈನಿಯಸ್, ಪ್ಯಾಟ್ರಿಕ್‌ಗೆ ಪೀಟರ್. ಮೋರ್ ಎಂಬವಳು ಒಂದು ಕಡೆ ಸಾರಾ, ಇನ್ನೊಂದು ಕಡೆ ಮೇರಿಯನ್. ಜೀನ್, ಜೇನ್, ಜ್ಯಾನೆಟ್, ಜೆಸ್ಸಿ ನಾಲ್ವರೂ ಒಬ್ಬಳೇ ಇರಬಹುದು. ಮೆಕ್, ಮ್ಯಾಕ್ ಎರಡೂ ಹಾಕಿ ನೋಡಿ, ಆ ಭಾಗವನ್ನೇ ಬಿಟ್ಟೂ ನೋಡಿ.

ಮಕ್ಕಳಿಗೆ ಹೆಸರಿಡುವ ಪದ್ಧತಿ ನಮಗೆ ಹೊಸದೇನಲ್ಲ, ಮೊಮ್ಮಗನಿಗೆ ತಾತನ ಹೆಸರು. ಮೊದಲ ಮಗನಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆ, ಮೂರನೆಯವನಿಗೆ ತಂದೆಯದೇ ಹೆಸರು. ಮೊದಲ ಮಗಳಿಗೆ ತಾಯಿಯ ತಾಯಿ, ಎರಡನೆಯವಳಿಗೆ ತಂದೆಯ ತಾಯಿ. ಡೊನಾಲ್ಡ್‌ನ ಹಿರಿಯ ಮಗ ಹೆಕ್ಟರ್ ಆಗಿದ್ದರೆ ಡೊನಾಲ್ಡ್‌ನ ತಂದೆ ಹೆಕ್ಟರ್ ಇರಬಹುದು. ‘ಇರಬಹುದು’ ಅಷ್ಟೇ. ಮೊದಲ ಮಗು ಎಳವೆಯಲ್ಲೇ ಹೋಗಿದ್ದರೆ, ಎರಡನೇ ಮದುವೆಯಾಗಿದ್ದರೆ, ಪಾದ್ರಿಯ ಗೌರವಕ್ಕೆ ಹೆಸರಿಟ್ಟಿದ್ದರೆ ಲೆಕ್ಕ ತಪ್ಪುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಜಾನ್ ಬದುಕಿರುವುದೂ ಉಂಟು, ಎರಡೂ ಕಡೆಯ ತಾತ ಜಾನ್ ಆಗಿದ್ದರೆ ಏನು ಮಾಡುತ್ತಾರೆ!

ಇದಕ್ಕಿಂತ ಬೆಲೆಬಾಳುವುದು ಸ್ಲಾನೆಗ್, ಅಂದರೆ ಬಾಯಲ್ಲಿ ಹೇಳುವ ಪೀಳಿಗೆ: ಇಂಥವನು, ಇಂಥವನ ಮಗ, ಇಂಥವನ ಮೊಮ್ಮಗ. ನಮ್ಮಲ್ಲಿ ಹೆಳವರು ಮನೆಮುಂದೆ ನಿಂತು ವಂಶ ಹೇಳುವ ಹಾಗೆ ಕೇಪ್ ಬ್ರೆಟನ್‌ನಲ್ಲಿ ಮನೆಯ ಹಿರಿಯರೇ ಹೇಳುತ್ತಿದ್ದರು. ಊರಿಗೆ ಊರೇ ಮೆಕ್‌ಲೀನ್‌ಗಳಿಂದ ತುಂಬಿರುವ ಕಡೆ, ಜನ ಕರೆಯುತ್ತಿದ್ದ ಅಡ್ಡಹೆಸರೂ ದಾರಿ ತೋರಿಸುತ್ತದೆ. ಕೇಪ್ ಬ್ರೆಟನ್‌ನ ಸಿಡ್ನಿಯಲ್ಲಿ 1892ರಿಂದ 1904ರವರೆಗೆ ಮಾಕ್-ಟಾಲ ಎಂಬ ಗೇಲಿಕ್ ಪತ್ರಿಕೆ ಬರುತ್ತಿತ್ತು. ಮಕ್ಕಳ ಸಾವಿನ ಸುದ್ದಿ ಅದರಲ್ಲಿರಬಹುದು. ಕೇಪ್ ಬ್ರೆಟನ್ ವಿಶ್ವವಿದ್ಯಾಲಯದ ಬೀಟನ್ ಇನ್‌ಸ್ಟಿಟ್ಯೂಟ್‌ನಲ್ಲಿ ಕುಟುಂಬ ಕಾಗದಗಳಿವೆ, ಹಿರಿಯರ ಮಾತಿನ ಧ್ವನಿಮುದ್ರಣಗಳೂ ಇವೆ.

ಪಹಣಿ_ಪ್ರಸಾದ
ಜಮೀನು ಕಾಗದ ಮರೆಯಬೇಡಿ. ಕೇಪ್ ಬ್ರೆಟನ್‌ಗೆ 1787ರಿಂದ 1843ರವರೆಗಿನ ಭೂ ಅರ್ಜಿಗಳು ಹ್ಯಾಲಿಫ್ಯಾಕ್ಸ್ ಆರ್ಕೈವ್ಸ್‌ನಲ್ಲಿವೆ. ಅರ್ಜಿದಾರ ತನ್ನ ವಯಸ್ಸು, ಬಂದ ವರ್ಷ, ಹೆಂಡತಿ ಮಕ್ಕಳ ಲೆಕ್ಕ ಬರೆಸಿರುತ್ತಾನೆ. ಪಕ್ಕದ ಜಮೀನಿನವರು ಯಾರು ಅನ್ನುವುದನ್ನೂ ಹೇಳುವುದುಂಟು. ಚಕ್ಕುಬಂದಿ ಇದ್ದ ಹಾಗೆ. ಆ ಪಕ್ಕದವರ ಹೆಸರು ಬರೆದಿಟ್ಟುಕೊಳ್ಳಿ, ಹಳೆ ಊರಿನಲ್ಲೂ ಅವರೇ ಪಕ್ಕದವರಾಗಿದ್ದಿರುವ ಸಂಭವ ಹೆಚ್ಚು.

ಅರ್ಜಿ ಸಿಗದಿದ್ದರೆ ಮನುಷ್ಯನೇ ಇರಲಿಲ್ಲ ಅಂತಲ್ಲ. 1827ರಿಂದ ಸರ್ಕಾರ ಜಮೀನು ಪುಕ್ಕಟೆ ಕೊಡುವುದು ನಿಲ್ಲಿಸಿ ಮಾರಲು ಶುರುಮಾಡಿತು. ಕೈಯಲ್ಲಿ ಕಾಸಿಲ್ಲದವರು ಹಕ್ಕುಪತ್ರವಿಲ್ಲದೆ ಹಿಂದಿನ ಬೆಟ್ಟದ ಕಡೆ ಸಾಗುವಳಿ ಮಾಡಿಕೊಂಡು ಕೂತರು. ಅಂಥವರಿಗೆ ಮುಂದೆ ಮಕ್ಕಳ ಕಾಲದಲ್ಲಿ ಕಾಗದ ಆಗಿರುತ್ತದೆ. ಆದ್ದರಿಂದ ಹುಡುಕಾಟ 1843ಕ್ಕೆ ನಿಲ್ಲಿಸಬೇಡಿ. ಎ. ಎಫ್. ಚರ್ಚ್ ಎಂಬವರು 19ನೇ ಶತಮಾನದ ಉತ್ತರಾರ್ಧದಲ್ಲಿ ಮಾಡಿಸಿದ ಕೌಂಟಿ ನಕ್ಷೆಗಳಲ್ಲಿ ಒಂದೊಂದು ಮನೆಗೂ ಯಜಮಾನನ ಹೆಸರಿದೆ. 1871ರ ಪಟ್ಟಿ ಪಕ್ಕಕ್ಕಿಟ್ಟು ಹೋಲಿಸಿ.

ಸುಮಂತ್_ಜಿ
ಹಡಗಿನ ವಿಷಯ ತಿಳಿಯಿತು ಸರ್, ನಾನು ತಪ್ಪು ತಿಳಿದಿದ್ದೆ. ಒಂಟಾರಿಯೊ ಆದರೆ ಇದೇ ದಾರಿಯೇ? ಗ್ಲೆನ್‌ಗ್ಯಾರಿ ಕೌಂಟಿಯ ಮೆಕ್‌ಡೊನೆಲ್‌ಗಳ ಬಗ್ಗೆ ಕೇಳುತ್ತಿದ್ದೇನೆ.

ಪಹಣಿ_ಪ್ರಸಾದ
ಒಂಟಾರಿಯೊದಲ್ಲಿ ಜಮೀನೇ ರಾಜಮಾರ್ಗ. ಸರ್ಕಾರಿ ನೋಂದಣಿ ಶುರುವಾಗುವುದು 1869ರ ಜುಲೈ 1ಕ್ಕೆ. ಅದಕ್ಕೆ ಹಿಂದಿನದಕ್ಕೆ ಮೂರು ಹಂತದ ಕಾಗದ: ಅಪ್ಪರ್ ಕೆನಡಾ (ಒಂಟಾರಿಯೊದ ಹಳೆಯ ಹೆಸರು) ಭೂ ಅರ್ಜಿ, ಸರ್ಕಾರದಿಂದ ಸಿಕ್ಕ ಮೊದಲ ಹಕ್ಕುಪತ್ರ, ಆಮೇಲಿನ ಪರಭಾರೆಗಳ ಸೂಚಿ. ಟೌನ್‌ಶಿಪ್ ಹೆಸರು, ಅದರೊಳಗಿನ ಕನ್ಸೆಷನ್ (ಜಮೀನಿನ ಸಾಲು) ಸಂಖ್ಯೆ, ಆ ಸಾಲಿನ ಲಾಟ್ (ತುಂಡು) ಸಂಖ್ಯೆ ಈ ಮೂರು ಗೊತ್ತಾದರೆ ನಮ್ಮ ಸರ್ವೆ ನಂಬರ್ ಸಿಕ್ಕ ಹಾಗೆ. ಒಂಟಾರಿಯೊದ ಜಮೀನು ದಾಖಲೆಗಳ ಆನ್‌ಲ್ಯಾಂಡ್ ತಾಣದಲ್ಲಿ ಆ ಲಾಟ್‌ನ ಸೂಚಿಪುಟ ತೆರೆಯಿರಿ, ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಈಸಿ (ಋಣಭಾರ ಪತ್ರ) ಓದಿದವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಅದರಲ್ಲಿ ಮುಖ್ಯವಾಗಿ ಹುಡುಕಬೇಕಾದ್ದು ಹಕ್ಕು ಖುಲಾಸೆ ಪತ್ರ. ಅಪ್ಪ ಉಯಿಲು ಬರೆಯದೆ ತೀರಿಕೊಂಡಾಗ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಗಂಡಂದಿರು ಎಲ್ಲ ಒಬ್ಬನಿಗೆ ಬರೆದುಕೊಟ್ಟಿರುತ್ತಾರೆ. ಒಂದೇ ಹಾಳೆಯಲ್ಲಿ ಇಡೀ ಸಂಸಾರ.

ಹಕ್ಕುಪತ್ರದ ತಾರೀಖನ್ನು ಬಂದ ತಾರೀಖು ಅಂತ ತಿಳಿಯಬೇಡಿ. ಕಾಡು ಕಡಿದು, ಮನೆ ಕಟ್ಟಿ, ಷರತ್ತು ಪೂರೈಸಿ, ಶುಲ್ಕ ಕಟ್ಟುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಕಡತ_ಕೃಷ್ಣಮೂರ್ತಿ
ಗ್ಲೆನ್‌ಗ್ಯಾರಿಗೆ ಒಂದು ಸೇರಿಸುತ್ತೇನೆ. ಅಲ್ಲಿ ಎರಡು ಗುಂಪು ಬೇರೆ ಮಾಡಿಕೊಳ್ಳಬೇಕು. ಒಂದು, ಅಮೆರಿಕದ ಕ್ರಾಂತಿಯ ಕಾಲದಲ್ಲಿ ನ್ಯೂಯಾರ್ಕ್‌ನ ಮೊಹಾಕ್ ಕಣಿವೆಯಿಂದ ಓಡಿಬಂದು 1784ರಲ್ಲಿ ನೆಲೆಸಿದ ರಾಜನಿಷ್ಠರು. ಇವರ ಮಕ್ಕಳೂ ಜಮೀನಿಗೆ ಅರ್ಜಿ ಹಾಕಬಹುದಿತ್ತು, ಹಾಗಾಗಿ ಅರ್ಜಿಯಲ್ಲಿ ತಂದೆಯ ಹೆಸರು, ರೆಜಿಮೆಂಟ್ ಇರುತ್ತದೆ. ಇನ್ನೊಂದು, 1786ರಲ್ಲಿ ಸ್ಕಾಟ್ಲೆಂಡ್‌ನ ನಾಯ್‌ಡರ್ಟ್ ಕಡೆಯಿಂದ ಪಾದ್ರಿ ಅಲೆಕ್ಸಾಂಡರ್ ಮೆಕ್‌ಡೊನೆಲ್ ಜೊತೆ ಒಟ್ಟಾಗಿ ಬಂದ ಕ್ಯಾಥೊಲಿಕರು.

ಒಟ್ಟಾಗಿ ಬರುವುದೇ ಈ ವಲಸೆಯ ಗುಟ್ಟು. ನೆಲೆಸಿದ ಜಾಗ ನೋಡಿದರೆ ಹೊರಟ ಜಾಗದ ಅಂದಾಜು ಸಿಗುತ್ತದೆ. ಕೇಪ್ ಬ್ರೆಟನ್‌ನಲ್ಲಿ ಮಾಬೂ ಸುತ್ತ ಲಾಕಾಬರ್‌ನವರು, ಅಯೋನಾ ಮತ್ತು ಕ್ರಿಸ್‌ಮಸ್ ಐಲೆಂಡ್ ಕಡೆ ಬಾರಾದವರು, ಸೇಂಟ್ ಆನ್ಸ್ ಉತ್ತರದ ಕರಾವಳಿಯಲ್ಲಿ ಲೂಯಿಸ್ ಮತ್ತು ಹ್ಯಾರಿಸ್‌ನವರು. ಪ್ರಿನ್ಸ್ ಎಡ್ವರ್ಡ್ ದ್ವೀಪದ ಬೆಲ್‌ಫಾಸ್ಟ್‌ನಲ್ಲಿ 1803ರಲ್ಲಿ ಲಾರ್ಡ್ ಸೆಲ್ಕರ್ಕ್ ಕರೆತಂದವರು ಬಹುಪಾಲು ಸ್ಕೈ ದ್ವೀಪದವರು. ಒಂಟಾರಿಯೊದ ಜೋರಾದಲ್ಲಿ ಸದರ್ಲೆಂಡ್‌ನವರು, ಲ್ಯಾನಾರ್ಕ್ ಕೌಂಟಿಯಲ್ಲಿ ಗ್ಲಾಸ್ಗೋ ಸುತ್ತಲಿನ ನೇಕಾರರು, ಕ್ವಿಬೆಕ್‌ನ ಲಿಂಗ್ವಿಕ್, ವಿನ್‌ಸ್ಲೋ ಟೌನ್‌ಶಿಪ್‌ಗಳಲ್ಲಿ ಲೂಯಿಸ್‌ನವರು. ಇದು ಪುರಾವೆ ಅಲ್ಲ, ಎಲ್ಲಿ ಮೊದಲು ಅಗೆಯಬೇಕು ಅನ್ನುವುದಕ್ಕೆ ಗುರುತು.

ಸೇಂಟ್ ಆನ್ಸ್‌ನ ಕುಟುಂಬವೊಂದು 1850ರ ದಶಕದಲ್ಲಿ ಇದ್ದಕ್ಕಿದ್ದಂತೆ ಮಾಯವಾದರೆ ಸತ್ತರು ಅಂದುಕೊಳ್ಳಬೇಡಿ. ಪಾದ್ರಿ ನಾರ್ಮನ್ ಮೆಕ್‌ಲೌಡ್ ಹಿಂದೆ ನೂರಾರು ಜನ ಆಸ್ಟ್ರೇಲಿಯಾಕ್ಕೆ, ಅಲ್ಲಿಂದ ನ್ಯೂಜಿಲೆಂಡ್‌ನ ವೈಪುಗೆ ಹೋದರು. ಅಲ್ಲಿನ ಸಮಾಧಿ ಕಲ್ಲು, ಮರಣ ದಾಖಲೆಗಳಲ್ಲಿ ನಿಮ್ಮ ಉತ್ತರ ಇರಬಹುದು.

ನಾಗವೇಣಿ_ಎಸ್
ಪ್ಯಾರಿಶ್ ಸಿಕ್ಕ ಮೇಲಿನ ಕೆಲಸ ಹೇಳುತ್ತೇನೆ. ಮೊದಲು ಆ ಪ್ಯಾರಿಶ್‌ನ ರಿಜಿಸ್ಟರ್ ಯಾವ ವರ್ಷದಿಂದ ಶುರು ಅಂತ ನೋಡಿ, ಆಮೇಲೆ ದುಡ್ಡು ಖರ್ಚು ಮಾಡಿ. ಹಳೆ ಪ್ಯಾರಿಶ್ ರಿಜಿಸ್ಟರ್‌ಗಳು 1553ರಿಂದ 1854ರವರೆಗೆ ಅಂತ ತಾಣದಲ್ಲಿ ಬರೆದಿರುವುದು ಇಡೀ ದೇಶದ ಮಾತು. ನಾರ್ತ್ ಯುಯಿಸ್ಟ್, ಹ್ಯಾರಿಸ್‌ನಂಥ ಕಡೆ 1820ರ ದಶಕಕ್ಕಿಂತ ಹಿಂದಿನ ಪುಸ್ತಕವೇ ಇಲ್ಲ. 1801ರಲ್ಲಿ ಅಲ್ಲಿ ಹುಟ್ಟಿದವನ ಬ್ಯಾಪ್ಟಿಸಮ್ ದಾಖಲೆ ಸಿಗುವುದಿಲ್ಲ. ಆಗ ಜನ ಪುಸ್ತಕ ಇರುವ ಪಕ್ಕದ ಪ್ಯಾರಿಶ್‌ನಲ್ಲಿ ಅದೇ ಹೆಸರಿನ ಮಗುವನ್ನು ತಂದು ಅಂಟಿಸಿಬಿಡುತ್ತಾರೆ.

ದಾರಿ ಇದೆ. ಊರಲ್ಲೇ ಉಳಿದ ಅಣ್ಣತಮ್ಮ ಅಕ್ಕತಂಗಿಯರನ್ನು ಹುಡುಕಿ. ಸ್ಕಾಟ್ಲೆಂಡ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದು 1855ರ ಜನವರಿ 1ಕ್ಕೆ. ಅಲ್ಲಿಂದ ಮುಂದಿನ ಮರಣ ದಾಖಲೆಯಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ತಾಯಿಯ ತವರಿನ ಮನೆತನ ಬರುತ್ತದೆ. ಹೊರಟುಹೋದ ಡೊನಾಲ್ಡ್‌ನ ತಂದೆತಾಯಿ ಯಾರು ಅಂತ, ಉಳಿದುಕೊಂಡ ತಮ್ಮನ ಮರಣಪತ್ರ ಹೇಳುತ್ತದೆ. ಸ್ಕಾಟಿಷ್ ಹೆಂಗಸು ಮದುವೆಯಾದ ಮೇಲೂ ದಾಖಲೆಗಳಲ್ಲಿ ತವರಿನ ಮನೆತನದ ಹೆಸರಲ್ಲೇ ಬರುವುದುಂಟು, ಇದು ದೊಡ್ಡ ಅನುಕೂಲ. 1855ರ ಒಂದು ವರ್ಷದ ದಾಖಲೆಗಳು ಉಳಿದೆಲ್ಲಕ್ಕಿಂತ ತುಂಬಿಕೊಂಡಿವೆ. ಅಷ್ಟೊಂದು ಬರೆಯುವುದು ಕಷ್ಟವಾಗಿ ಮುಂದಿನ ವರ್ಷವೇ ಅಂಕಣ ಕಡಿಮೆ ಮಾಡಿದರು.

1841ರ ಸ್ಕಾಟ್ಲೆಂಡ್ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 44 ಆದವನು 40 ಆಗಿರುತ್ತಾನೆ. ಹುಟ್ಟಿದ ಪ್ಯಾರಿಶ್ ಬರುವುದು 1851ರಿಂದ. ಖರ್ಚಿನ ಲೆಕ್ಕ: ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಸೂಚಿ ಹುಡುಕುವುದು ಉಚಿತ, 30 ಕ್ರೆಡಿಟ್‌ಗೆ 7.50 ಪೌಂಡ್, ರಿಜಿಸ್ಟರ್ ಚಿತ್ರ ಒಂದಕ್ಕೆ 6 ಕ್ರೆಡಿಟ್. ಹತ್ತು ಡೊನಾಲ್ಡ್‌ಗಳನ್ನು ತೆರೆದರೆ 15 ಪೌಂಡ್ ಹೋಯಿತು.

ಆ ಮೂರು ವಂಶವೃಕ್ಷಗಳನ್ನು ಪರೀಕ್ಷಿಸುವ ಬಗೆ: ಅವರು ಹಾಕಿರುವ ಮಗು ಸ್ಕಾಟ್ಲೆಂಡ್‌ನಲ್ಲೇ ಬೆಳೆದು ದೊಡ್ಡವನಾಗಿದ್ದಾನೆಯೇ ನೋಡಿ. 1851ರ ಗಣತಿಯಲ್ಲಿ ಅದೇ ಪ್ಯಾರಿಶ್‌ನಲ್ಲಿ ಹುಟ್ಟಿದ 50ರ ಡೊನಾಲ್ಡ್ ಮೆಕ್‌ಲೀನ್ ಅಲ್ಲೇ ಸಂಸಾರ ಮಾಡಿಕೊಂಡಿದ್ದರೆ, 1855ರ ನಂತರದ ಅವನ ಮರಣ ದಾಖಲೆಯ ತಂದೆತಾಯಿ ಹೆಸರು ತಾಳೆಯಾದರೆ, ಆ ಮಗು ನಿಮ್ಮವನಲ್ಲ. ಹೀಗೆ ಒಬ್ಬೊಬ್ಬರನ್ನೇ ತೆಗೆದುಹಾಕುತ್ತ ಬನ್ನಿ.

ಹ್ಯಾಲಿಫ್ಯಾಕ್ಸ್_ರಶ್ಮಿ
ಸಮಾಧಿ ಕಲ್ಲು ಯಾರೂ ಹೇಳಲಿಲ್ಲ! ಅಟ್ಲಾಂಟಿಕ್ ತೀರದ ಪ್ರಾಂತ್ಯಗಳಲ್ಲಿ ‘ಇಂಥ ಪ್ಯಾರಿಶ್‌ನ ಮೂಲನಿವಾಸಿ’ ಅಂತ ಕೆತ್ತಿಸುವ ರೂಢಿ ಇತ್ತು. ಆನ್‌ಲೈನ್ ಸಮಾಧಿ ತಾಣಗಳಲ್ಲಿ ಹೆಸರು, ತಾರೀಖು ಮಾತ್ರ ಟೈಪ್ ಮಾಡಿ ಕೆಳಗಿನ ಸಾಲು ಬಿಟ್ಟಿರುತ್ತಾರೆ. ಯಾವಾಗಲೂ ಚಿತ್ರವನ್ನೇ ದೊಡ್ಡದು ಮಾಡಿ ಓದಿ. ಅಲ್ಲಿಯವರ ಹತ್ತಿರ ಫೋಟೋ ತೆಗೆಸುವುದಾದರೆ ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಲ್ಲಿ ತೆಗೆಯಲು ಹೇಳಿ. ಕಲ್ಲಿನ ಮುಖ ನೆರಳಲ್ಲಿದ್ದರೆ ಪಕ್ಕದಲ್ಲಿ ಕನ್ನಡಿ ಹಿಡಿದು ಬೆಳಕನ್ನು ಅಡ್ಡವಾಗಿ ಹಾಯಿಸಿದರೆ ಅಕ್ಷರ ಎದ್ದು ಕಾಣುತ್ತದೆ. ಸೀಮೆಸುಣ್ಣ, ತಂತಿ ಬ್ರಷ್, ಶೇವಿಂಗ್ ಕ್ರೀಮ್ ಯಾವುದೂ ಬೇಡ, ಹಳೆಯ ಅಮೃತಶಿಲೆ ಉದುರಿಹೋಗುತ್ತದೆ. ಬರೀ ನೀರು ಸಾಕು.

ವಿನುತಾ_ಎಚ್
ಎಲ್ಲರಿಗೂ ನಮಸ್ಕಾರ. ರಶ್ಮಿ ಅವರು ಹೇಳಿದಂತೆ ಚಿತ್ರ ದೊಡ್ಡದು ಮಾಡಿ ನೋಡಿದೆ. ಡೊನಾಲ್ಡ್‌ನ ಕಲ್ಲಿನ ಕೆಳಗಿನ ಸಾಲಿನಲ್ಲಿ ‘ರಮ್ ದ್ವೀಪದ ಮೂಲನಿವಾಸಿ’ ಅಂತಿದೆ. ಮೂರು ವಂಶವೃಕ್ಷಗಳಲ್ಲಿ ಒಂದರಲ್ಲೂ ರಮ್ ಇಲ್ಲ. ಈಗ ನಾಗವೇಣಿ ಅವರು ಹೇಳಿದಂತೆ ಅಲ್ಲೇ ಉಳಿದ ತಮ್ಮಂದಿರನ್ನು ಹುಡುಕಲೇ?

ನಾಗವೇಣಿ_ಎಸ್
ಒಳ್ಳೆಯ ಸುದ್ದಿ! ಆದರೆ ರಮ್ ಆದ್ದರಿಂದ ನನ್ನ ಸಲಹೆಯನ್ನು ತಿರುಗಿಸಬೇಕು. ಕುರಿ ಸಾಕಣೆಗೋಸ್ಕರ 1826ರಲ್ಲಿ ಆ ದ್ವೀಪದ ಸುಮಾರು 300 ಜನರನ್ನು ಹೈಲ್ಯಾಂಡ್ ಲ್ಯಾಡ್, ಡವ್ ಆಫ್ ಅಬರ್ಡೀನ್ ಎಂಬ ಎರಡು ಹಡಗುಗಳಲ್ಲಿ ಕೇಪ್ ಬ್ರೆಟನ್‌ಗೆ ಕಳಿಸಿದರು. ಉಳಿದವರನ್ನು 1828ರಲ್ಲಿ ಪಕ್ಕದ ಮಕ್ ದ್ವೀಪದವರ ಜೊತೆ ಸೇಂಟ್ ಲಾರೆನ್ಸ್ ಹಡಗಿನಲ್ಲಿ ಕಳಿಸಿದರು, ಒಟ್ಟು ಸುಮಾರು 200 ಜನ, ಇಳಿದದ್ದು ಶಿಪ್ ಹಾರ್ಬರ್, ಅಂದರೆ ಈಗಿನ ಪೋರ್ಟ್ ಹಾಕ್ಸ್‌ಬರಿ. ಆಮೇಲೆ ಕುರಿ ಕಾಯಲು ಹೊರಗಿಂದ ಬೇರೆ ಕುಟುಂಬಗಳನ್ನು ಕರೆತರಬೇಕಾಯಿತು. ಹಾಗಾಗಿ 1841ರ ಗಣತಿಯಲ್ಲಿ ರಮ್‌ನಲ್ಲಿ ಸಿಗುವವರನ್ನು ಡೊನಾಲ್ಡ್‌ನ ನೆಂಟರು ಅಂದುಕೊಳ್ಳಬೇಡಿ.

ನಿಮ್ಮ ಡೊನಾಲ್ಡ್‌ನ ಅಣ್ಣತಮ್ಮಂದಿರು ಅವನ ಜೊತೆಗೇ ಹಡಗು ಹತ್ತಿರಬೇಕು. ಅವರನ್ನು ಹುಡುಕಬೇಕಾದ್ದು ಲೇಕ್ ಏನ್ಸ್‌ಲಿ ಸುತ್ತಲೇ. 1828ರ ಹಡಗಿನ ಪ್ರಯಾಣಿಕರ ಪಟ್ಟಿ ಉಳಿದಿದೆ, ಅದನ್ನು ಮೊದಲು ನೋಡಿ. ಅದರಲ್ಲಿ ಇಲ್ಲದಿದ್ದರೆ 1826ರ ಗುಂಪಿನವನು ಎಂದು ಊಹಿಸಿ ಮುಂದುವರಿಯಬಹುದು. ಸ್ಕಾಟ್ಲೆಂಡ್ ಸೂಚಿಯಲ್ಲಿ ‘ರಮ್’ ಅಂತ ಹುಡುಕಬೇಡಿ, ರಮ್, ಎಗ್, ಮಕ್, ಕ್ಯಾನ ನಾಲ್ಕೂ ಸ್ಮಾಲ್ ಐಲ್ಸ್ ಎಂಬ ಒಂದೇ ಪ್ಯಾರಿಶ್. 1891ರವರೆಗೆ ಎಗ್ ಸ್ಕಾಟ್ಲೆಂಡ್‌ನ ಇನ್ವರ್ನೆಸ್ ಕೌಂಟಿಗೂ ಉಳಿದ ಮೂರು ಆರ್ಗೈಲ್‌ಗೂ ಸೇರಿದ್ದವು, ಎರಡೂ ಕೌಂಟಿ ಹಾಕಿ ನೋಡಿ.

ಪಹಣಿ_ಪ್ರಸಾದ
1843ರವರೆಗಿನ ಅರ್ಜಿಗಳಲ್ಲಿ ಲೇಕ್ ಏನ್ಸ್‌ಲಿ ಸುತ್ತಲಿನ ಮೆಕ್‌ಲೀನ್‌ಗಳನ್ನೆಲ್ಲ ತೆಗೆದು, ‘1826ರಲ್ಲಿ ಬಂದೆ’, ‘1828ರಲ್ಲಿ ಬಂದೆ’ ಅಂದವರನ್ನು ಬೇರೆ ಮಾಡಿ. ಚಕ್ಕುಬಂದಿಯಲ್ಲಿ ಒಬ್ಬರ ಹೆಸರು ಇನ್ನೊಬ್ಬರಲ್ಲಿ ಬರುತ್ತದೆಯೇ ಗುರುತು ಹಾಕಿ.

ಗೇಲಿಕ್_ಓದು
ಡಿಎನ್‌ಎ ಮಾಡಿಸುವ ಯೋಚನೆ ಬಂದರೆ ಒಂದು ಮಾತು. ಒಂದೇ ದ್ವೀಪದಿಂದ ಬಂದು ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿದ ಜನ ಇವರು, ಹಾಗಾಗಿ ಸಾಮಾನ್ಯ ಪರೀಕ್ಷೆಯಲ್ಲಿ ದೂರದ ನೆಂಟನೂ ಹತ್ತಿರದವನಂತೆ ಕಾಣುತ್ತಾನೆ. ಇಬ್ಬರಲ್ಲೂ ಹೊಂದುವ ಡಿಎನ್‌ಎಯ ಒಟ್ಟು ಮೊತ್ತ ನಂಬದೆ, ಹೊಂದುವ ತುಂಡುಗಳಲ್ಲಿ ಅತಿ ಉದ್ದದ್ದು ಎಷ್ಟಿದೆ ನೋಡಿ. ಗಂಡುಸಂತತಿಯ ವೈ ಕ್ರೋಮೋಸೋಮ್ ಪರೀಕ್ಷೆ ಹೆಚ್ಚು ಉಪಯೋಗ: ಕೆರೆಯ ಸುತ್ತಲಿನ ಎರಡು ಮೆಕ್‌ಲೀನ್ ಮನೆಗಳು ಒಂದೇ ಬೇರಿನವೋ ಅಲ್ಲವೋ ಗೊತ್ತಾಗುತ್ತದೆ. ಎಫಿಯ ಊರು ರಮ್ ಅಂತ ಈಗಲೇ ಬರೆಯಬೇಡಿ, ಆ ಕಲ್ಲು ಗಂಡನ ಬಗ್ಗೆ ಮಾತ್ರ ಹೇಳಿದೆ. ಎರಡನೇ ಮಗನ ಹೆಸರೇನು?

ವಿನುತಾ_ಎಚ್
ಎರಡನೆಯವನು ನೀಲ್. ಹಿರಿಯ ಮಗಳು ಮೇರಿಯನ್, 1871ರಲ್ಲಿ ಬೇರೆ ಮನೆಯಲ್ಲಿ ‘ಸಾರಾ’ ಅಂತ ಇದ್ದಾಳೆ ಅನ್ನಿಸುತ್ತಿದೆ. 1828ರ ಪಟ್ಟಿ ಮತ್ತು ಅರ್ಜಿಗಳನ್ನು ನೋಡಿ ಇಲ್ಲೇ ಬರೆಯುತ್ತೇನೆ.

ಗೇಲಿಕ್_ಓದು
ಹಾಗಾದರೆ ಎಫಿಯ ತಂದೆ ನೀಲ್, ತಾಯಿ ಮೋರ್ ಇರಬಹುದು. ಪಟ್ಟಿಯಲ್ಲಿ ಆ ಜೋಡಿ ಒಂದೇ ಮನೆಯಲ್ಲಿ ಇದೆಯೇ ನೋಡಿ, ಮೋರ್ ಬದಲು ಸಾರಾ, ಮೇರಿಯನ್ ಎರಡೂ ಹುಡುಕಿ. ಮನೆತನದ ಹೆಸರು ಮೆಕ್‌ಲೀನ್ ಆಗಿರಬೇಕೆಂದಿಲ್ಲ.